ಕೇಳದೆ ಪಡೆದ ದಾನ

ಗೌರಕ್ಕ, ಉದ್ಯಮಬಾಗ ದಾಟಿದ ಮೇಲೆ ಖಾನಾಪುರ ರಸ್ತೆಯ ಬದಿಗೆ ನಮ್ಮ ಕಾನೂನು ಕಾಲೇಜು ನಿಂತಿದೆಯಲ್ಲ — ಆ ಎರಡು ಎಕರೆ ನೆಲದಲ್ಲಿ ಒಂದು ಎಕರೆ ನಿಮ್ಮದಾಗಿತ್ತು. ಅದು ನನಗೆ ಗೊತ್ತಿತ್ತು, ನಿಮಗೆ ಗೊತ್ತಿರಲಿಲ್ಲ. ನೀವು ಬಾಯಿಬಿಟ್ಟು ಕೇಳಿದಿರಿ. ನಾನು ಇಲ್ಲ ಎಂದೆ. ಆಮೇಲೆ ನಿಮ್ಮಿಂದ ಸಹಿ ಹಾಕಿಸಿಕೊಂಡೆ.

ಇಷ್ಟನ್ನು ಬರೆಯಲು ಹದಿನಾಲ್ಕು ವರ್ಷ ತೆಗೆದುಕೊಂಡಿದ್ದೇನೆ. ಹಿಂದೆ ಮೂರು ಸಲ ಬರೆಯಲು ಕೂತಿದ್ದುಂಟು. ಮೂರು ಸಲವೂ ಮೊದಲ ಪುಟದ ತುಂಬ ಕಾಲೇಜಿನ ಕಷ್ಟ, ನನ್ನ ಬಡತನ, ಆಗಿನ ಪರಿಸ್ಥಿತಿ ಎಂದು ಬರೆದು, ನಿಮ್ಮ ವಿಷಯಕ್ಕೆ ಬರುವ ಹೊತ್ತಿಗೆ ಪೆನ್ನು ಕೆಳಗಿಟ್ಟೆ. ವಕೀಲನ ಚಾಳಿ ಅದು — ಮೊದಲು ಸಮಜಾಯಿಷಿ, ತಪ್ಪು ಆಮೇಲೆ, ಸಮಯ ಉಳಿದರೆ. ಈ ಸಲ ತಪ್ಪನ್ನೇ ಮೊದಲು ಬರೆದಿದ್ದೇನೆ. ಉಳಿದದ್ದು ಹೇಗೆ ನಡೆಯಿತೆಂಬುದೂ ನಿಮಗೆ ತಿಳಿಯಬೇಕು, ಯಾಕೆಂದರೆ ಇದರಲ್ಲಿ ನಿಮ್ಮ ಅಣ್ಣನ ತಪ್ಪು ಏನೂ ಇಲ್ಲ. ಅದನ್ನು ತಿಳಿಸದೆ ನಾನು ಕಣ್ಣು ಮುಚ್ಚಿದರೆ ನೀವು ಅವರನ್ನು ಕೊನೆಯವರೆಗೂ ತಪ್ಪಾಗಿಯೇ ತಿಳಿದುಕೊಂಡಿರುತ್ತೀರಿ.

ನಾನು ಬೆಳಗಾವಿ ಶಹಾಪುರದ ನೇಕಾರರ ಮನೆಯವನು. ಮಗ್ಗದ ಕೆಲಸ ಬಿಡದೆ ಓದಿ, ಕರಿ ಕೋಟು ಹಾಕುವ ಹೊತ್ತಿಗೆ ನನ್ನ ಓರಗೆಯವರು ಹತ್ತು ವರ್ಷ ಮುಂದೆ ಹೋಗಿದ್ದರು. ಅದಕ್ಕೇ ಒಂದು ಹಟ ಹುಟ್ಟಿತು — ದುಡಿಯುವವರ ಮಕ್ಕಳಿಗೆ, ದುಡಿಯುವವರಿಗೂ, ಕಾನೂನು ಓದಲು ಒಂದು ಸಣ್ಣ ಕಾಲೇಜು ಆಗಬೇಕು ಎಂದು. ಶಹಾಪುರದಲ್ಲೇ ಒಂದು ಮಹಡಿ ಬಾಡಿಗೆಗೆ ಹಿಡಿದು ಶುರು ಮಾಡಿದೆವು. ಕೆಳಗೆ ಪವರ್‌ಲೂಮ್, ಮೇಲೆ ಸಂವಿಧಾನ. ಯಂತ್ರ ನಿಂತಾಗ ಮಾತ್ರ ಮೇಷ್ಟ್ರ ಮಾತು ಕೇಳಿಸುತ್ತಿತ್ತು, ಕರೆಂಟು ಹೋದ ದಿನ ಪಾಠ ಚೆನ್ನಾಗಿ ಆಗುತ್ತಿತ್ತು.

ಆ ಕಾಲೇಜು ನಡೆದದ್ದೇ ದಾನದಿಂದ. ಹಳೆಯ ವಕೀಲರೊಬ್ಬರ ಹೆಂಡತಿ ಗಂಡನ ಪುಸ್ತಕಗಳನ್ನು ಕಪಾಟಿನ ಸಮೇತ ಕೊಟ್ಟರು. ನೇಕಾರರು ಕಿಟಕಿ ಪರದೆಗೆ ಬಟ್ಟೆ ಕೊಟ್ಟರು. ರವಿವಾರ ಪೇಟೆಯ ವ್ಯಾಪಾರಿಗಳು ತಲೆಗೊಂದು ಬೆಂಚು ಕೊಟ್ಟು, ಅದರ ಬೆನ್ನಿಗೆ ಬಿಳಿ ಬಣ್ಣದಲ್ಲಿ ತಮ್ಮ ಹೆಸರು ಬರೆಸಿದರು. ನಮ್ಮ ವಿದ್ಯಾರ್ಥಿಗಳು ಸಾವಕಾರರ ಹೆಸರಿಗೆ ಬೆನ್ನು ಕೊಟ್ಟು ಕೂತೇ ಕಾನೂನು ಕಲಿತರು. ನಾನು ಹೆಗಲಿಗೆ ಚೀಲ ಹಾಕಿಕೊಂಡು, ಒಂದು ಶಾಲು, ನಾಲ್ಕು ಹಣ್ಣು ಹಿಡಿದು ಮನೆಮನೆಗೆ ಹೋಗುತ್ತಿದ್ದೆ. ಬೇಡುವುದರಲ್ಲಿ ನಾಚಿಕೆ ಇರಲಿಲ್ಲ, ನನಗಾಗಿ ಬೇಡುತ್ತಿಲ್ಲವಲ್ಲ ಎಂಬ ಧೈರ್ಯ. ಈಗ ಅನ್ನಿಸುತ್ತದೆ, ಆ ಧೈರ್ಯವೇ ಕೆಡಿಸಿತು. ಒಳ್ಳೆಯ ಕೆಲಸಕ್ಕೆ ಕೈಚಾಚುವವನು ತನ್ನ ಕೈ ಎಲ್ಲಿಯವರೆಗೆ ಚಾಚಿದೆ ಎಂದು ನೋಡಿಕೊಳ್ಳುವುದಿಲ್ಲ.

ಆರನೇ ವರ್ಷ ಮೇಲಿನಿಂದ ಕಾಗದ ಬಂತು. ಸ್ವಂತ ಜಾಗ ತೋರಿಸಿ, ಇಲ್ಲವೆಂದರೆ ಮಾನ್ಯತೆ ಮುಂದುವರಿಸುವುದಿಲ್ಲ ಎಂದು. ಪರಿಶೀಲನೆಗೆ ಬರುವ ದಿನವನ್ನೂ ಬರೆದಿದ್ದರು. ಆಗ ಕೈ ಹಿಡಿದವರು ನಿಮ್ಮ ಅಣ್ಣ, ಚನ್ನಬಸಪ್ಪ ಸಾವಕಾರರು. ರವಿವಾರ ಪೇಟೆಯ ಅವರ ಬೆಲ್ಲದ ಅಂಗಡಿಗೆ ನಾನು ಹೋಗಿ ಕೂತು ಹೇಳಿಕೊಂಡೆ. ಅವರು "ಅಪ್ಪನ ಹೊಲಾ ಐತಿ, ಖಾನಾಪುರ ರಸ್ತೇಕ. ಬಿತ್ತೂದು ಬಿಟ್ಟ ಎಷ್ಟೋ ವರ್ಷ ಆತು. ಅದನ್ನ ಕೊಡೂಣು," ಅಂದರು.

ನಾನು ಕೈ ಮುಗಿಯಲು ಎದ್ದೆ. ಅವರು ಕೂರಿಸಿದರು.

"ಕುಂದರ್ರಿ ವಕೀಲ್ರ. ಹೊಲಾ ನಂದೊಬ್ಬಂದ ಅಲ್ಲ. ಹೆಣ್ಣಮಕ್ಕಳಿಗೂ ಸರಿಪಾಲ ಅಂತ ಈಗ ಕಾಯ್ದೆ ಬಂದೈತಿ ಅಂತಾರ. ಖರೇ ಏನು?"

"ಖರೇರಿ," ಎಂದೆ.

"ಹಂಗಾದ್ರ ಗೌರೀನ್ನ ಕೇಳಬೇಕು. ನೀವ ಕೇಳ್ರಿ, ನಾ ಕೇಳಂಗಿಲ್ಲ. ಅಣ್ಣ ಕೇಳಿದ್ರ ತಂಗಿ ಇಲ್ಲ ಅನ್ನೂದಿಲ್ಲ. ಇಲ್ಲ ಅನ್ನಾಕ ಆಕೀಗ ಜಾಗಾ ಇರಬೇಕಲ್ಲ. ಎಲ್ಲಾ ಬಿಡಿಸಿ ಹೇಳ್ರಿ. ಹೂಂ ಅಂದ್ರ ಎರಡೂ ಎಕರೆ ತಗೋರಿ. ಇಲ್ಲ ಅಂದ್ರ ನಂದೊಂದ ಎಕರೆ."

ಗೌರಕ್ಕ, ಈ ಮಾತನ್ನು ನಿಮಗೆ ಒಪ್ಪಿಸಬೇಕೆಂದೇ ಇಷ್ಟು ಬರೆಯುತ್ತಿದ್ದೇನೆ. ನಲವತ್ತು ವರ್ಷ ವಕೀಲಿ ಮಾಡಿದ್ದೇನೆ, ಅಣ್ಣ-ತಮ್ಮ ಅಕ್ಕ-ತಂಗಿಯರ ನೂರಾರು ಜಗಳ ನೋಡಿದ್ದೇನೆ. ತಂಗಿಗೆ ಇಲ್ಲ ಎನ್ನಲು ಜಾಗ ಇರಬೇಕು ಎಂದು ಚಿಂತಿಸಿದ ಇನ್ನೊಬ್ಬ ಅಣ್ಣನನ್ನು ಕಂಡಿಲ್ಲ. ಆ ಜಾಗವನ್ನು ಮುಚ್ಚಿದವನು ನಾನು.

ಒಂದು ಎಕರೆಯಲ್ಲೂ ಕಾಲೇಜು ಆಗುತ್ತಿತ್ತು. ಚಿಕ್ಕದಾಗುತ್ತಿತ್ತು, ಅಷ್ಟೇ. ಆದರೆ ನೀವು ಇಲ್ಲ ಎಂದರೆ ಹೊಲ ಅಳೆಸಿ ಭಾಗ ಮಾಡಬೇಕು, ಅದಕ್ಕೆ ತಿಂಗಳುಗಟ್ಟಲೆ ಹಿಡಿಯುತ್ತದೆ, ಪರಿಶೀಲನೆಯವರು ಬರುವುದು ಎರಡು ವಾರದಲ್ಲಿ — ಹೀಗೆಲ್ಲ ಲೆಕ್ಕ ಹಾಕಿದೆ. ಜೊತೆಗೆ ಆಸೆಯೂ ಇತ್ತು. ಎರಡೂ ಎಕರೆ ಬೇಕಿತ್ತು ನನಗೆ. ಗ್ರಂಥಾಲಯ ಇಲ್ಲಿ, ಹುಡುಗಿಯರ ಕೋಣೆ ಅಲ್ಲಿ ಎಂದು ಅಂಗಡಿಯಿಂದ ಮನೆಗೆ ಬರುವಷ್ಟರಲ್ಲಿ ಮನಸ್ಸಿನಲ್ಲೇ ಕಟ್ಟಿ ಮುಗಿಸಿದ್ದೆ.

ನಿಮ್ಮನ್ನು ಕರೆತರಲು ಖಾನಾಪುರಕ್ಕೆ ಕಾರಿನಲ್ಲಿ ನಾನೇ ಬಂದೆ. ಅಣ್ಣ ಹೇಳ್ಯಾರ, ಅಪ್ಪನ ಹೊಲದ ಕಾಗದದ ಸಲುವಾಗಿ ನಿಮ್ಮದೊಂದು ಸಹಿ ಬೇಕು ಎಂದೆ. ನೀವು ಏನು ಎತ್ತ ಎನ್ನದೆ ಸೀರೆ ಬದಲಿಸಿ ಬಂದು ಕೂತಿರಿ. ಅಲ್ಲಿಂದ ಬೆಳಗಾವಿಗೆ ಮುಕ್ಕಾಲು ತಾಸಿನ ದಾರಿ. ಅಷ್ಟೂ ದಾರಿ ನನಗೆ ಸಮಯವಿತ್ತು. ನೀವು ಹಿಂದಿನ ಸೀಟಿನಲ್ಲಿ ಕೂತು ಆ ಹೊಲದ ಮಾತೇ ಆಡಿದಿರಿ. ನಿಮ್ಮ ಅಪ್ಪ ಆ ಹೊಲದ ದಾರಿಯಲ್ಲಿ ನಿಮಗೆ ಸೈಕಲ್ ಕಲಿಸಿದ್ದು, ಓಣಿಯವರು ಹೆಣ್ಣುಮಗಳಿಗೆ ಯಾಕೆ ಇದೆಲ್ಲ ಎಂದಾಗ ಅವರು "ನಾಳೆ ಬುತ್ತಿ ತರಾಕ ಬೇಕಲ್ಲ" ಎಂದು ನಕ್ಕು ಹಾರಿಸಿದ್ದು, ನೀವು ಬಿದ್ದು ಮೊಣಕಾಲು ತರಚಿಕೊಂಡದ್ದು. ನಾನು ಹೂಂ ಹೂಂ ಎನ್ನುತ್ತ ಗಾಡಿ ಓಡಿಸಿದೆ. ಹೇಳೋಣ, ಮುಂದಿನ ಊರು ಬರಲಿ. ಹೇಳೋಣ, ರೈಲು ಗೇಟು ದಾಟಲಿ — ಹಾಗೆ ಮಾಡುತ್ತಲೇ ದಾರಿ ಅರ್ಧವಾಯಿತು.

ಆಗ ನೀವೇ ಕೇಳಿದಿರಿ. ಸಣ್ಣ ದನಿಯಲ್ಲಿ, ಕಿಟಕಿಯ ಕಡೆ ಮುಖ ಮಾಡಿ.

"ವಕೀಲ್ರ, ಸುಮ್ಮ ಕೇಳತೀನಿ. ಅಪ್ಪನ ಹೊಲದಾಗ ನಂದೂ ಏನರ ಬರತೈತೇನ್ರಿ? ನಮ್ಮ ಮನ್ಯಾರು ಕೇಳತಿದ್ರು."

ನಾನು ಎದುರಿನ ರಸ್ತೆ ನೋಡುತ್ತ ಹೇಳಿದೆ: "ನಿಮ್ಮದೇನೂ ಬರೂದಿಲ್ಲ ಅಕ್ಕಾರ. ಲಗ್ನ ಆದ ಮ್ಯಾಲ ಎಲ್ಲಾ ಅಣ್ಣಂದ. ಕಾಗದ ಸ್ವಚ್ಛ ಇರ್ಲಿ ಅಂತ ಒಂದ ಸಹಿ, ಅಷ್ಟ."

"ಹೌದ ಬಿಡ್ರಿ, ನಂಗೂ ಹಂಗ ಅನ್ನಿಸಿತ್ತು," ಎಂದಿರಿ. ಆಮೇಲೆ, "ನಾ ಕೇಳಿದ್ನಿ ಅಂತ ಅಣ್ಣಗ ಹೇಳಬ್ಯಾಡ್ರಿ. ಆಸೆಬುರುಕಿ ಅಂದಾನು," ಎಂದಿರಿ.

ಕೇಳಿದ್ದಕ್ಕೆ ನೀವು ನಾಚಿದಿರಿ, ಗೌರಕ್ಕ. ಸುಳ್ಳು ಹೇಳಿದ ನನಗೆ ನಾಚಿಕೆಯಾಗಲಿಲ್ಲ. ನನಗೆ ಹಗುರವಾಯಿತು. ಇನ್ನು ನೀವು ಅಣ್ಣನ ಹತ್ತಿರ ಈ ಮಾತು ತೆಗೆಯುವುದಿಲ್ಲ ಎಂದು — ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗಾಯಿತು ಎಂದುಕೊಂಡೆ. ಹೌದು, ಅಷ್ಟೇ ಅಂದುಕೊಂಡೆ.

ಅಂದು ನೀವು ಸಹಿ ಮಾಡಿದ್ದು ಹಕ್ಕಸೋಡ ಪತ್ರಕ್ಕೆ. ಅಂದರೆ ತಂದೆಯ ಆಸ್ತಿಯಲ್ಲಿ ನನಗಿರುವ ಹಕ್ಕನ್ನು ಅಣ್ಣನಿಗೆ ಬಿಟ್ಟುಕೊಟ್ಟಿದ್ದೇನೆ ಎಂಬ ಕಾಗದ. ನಮ್ಮ ಕಡೆ ಅದಕ್ಕೆ ಒಂದು ರೂಢಿಯಿದೆ — ತಂಗಿಗೆ ಉಡಿ ತುಂಬಿ, ಒಂದು ಸೀರೆ, ಒಂದು ಖಣ ಕೊಟ್ಟು ಸಹಿ ತೆಗೆದುಕೊಳ್ಳುವುದು. ಅದಕ್ಕೆ ಯಾರೂ ಮೋಸ ಅನ್ನುವುದಿಲ್ಲ, ಮಾನ ಅನ್ನುತ್ತಾರೆ. ನಿಮ್ಮ ಓದು ಮರಾಠಿ ಸಾಲಿಯಲ್ಲಿ ಆದದ್ದು, ಕನ್ನಡವನ್ನು ಅಕ್ಷರ ಕೂಡಿಸಿಕೊಂಡು ಓದುತ್ತೀರಿ ಎಂದು ನನಗೆ ತಿಳಿದಿತ್ತು. ಪತ್ರವನ್ನು ಗಟ್ಟಿ ಕನ್ನಡದಲ್ಲಿ ಬರೆದಿದ್ದೆ. ಅದರ ಕೊನೆಯ ಸಾಲು, ಎಲ್ಲ ಪತ್ರಗಳಲ್ಲೂ ಇರುವ ಸಾಲು: ಈ ಪತ್ರವನ್ನು ಓದಿಸಿ ಕೇಳಿ, ತಿಳಿದುಕೊಂಡು, ಸ್ವಸಂತೋಷದಿಂದ ಸಹಿ ಮಾಡಿದ್ದೇನೆ. ಓದಿಸಿರಲಿಲ್ಲ, ಕೇಳಿಸಿರಲಿಲ್ಲ, ತಿಳಿಸಿರಲಿಲ್ಲ. ನೋಂದಣಿ ಅಧಿಕಾರಿ ತಲೆ ಎತ್ತದೆ "ಒಪ್ಪಿಗಿ ಐತೇನ್ರಿ?" ಎಂದು ಕೇಳಿದರು. ನೀವು ನನ್ನ ಮುಖ ನೋಡಿದಿರಿ. ನಾನು ತಲೆ ಆಡಿಸಿದೆ. ನೀವು ಹೂಂ ಎಂದಿರಿ. ಹೆಬ್ಬೆಟ್ಟಿನ ಗುರುತು, ಫೋಟೊ, ಸಹಿ — ಐದು ನಿಮಿಷದ ಕೆಲಸ. ಪತ್ರ ಬರೆದವನ ಜಾಗದಲ್ಲಿ ನನ್ನ ಸಹಿ ಇದೆ. ಹೊರಗೆ ಬಂದ ಮೇಲೆ ನೀವು ಕಬ್ಬಿನ ಹಾಲು ಕುಡಿದಿರಿ, ನನಗೂ ಕುಡಿಸಿ ನೀವೇ ದುಡ್ಡು ಕೊಟ್ಟಿರಿ.

ಅದೇ ಸಂಜೆ ಸಾವಕಾರರ ಅಂಗಡಿಗೆ ಹೋದೆ. ಅಲ್ಲಿ ಎರಡನೇ ಸುಳ್ಳು ಹೇಳಿದೆ. ಮೊದಲನೆಯದಕ್ಕಿಂತ ಅದು ದೊಡ್ಡದು.

"ಏನಂದಳ್ರಿ?" ಎಂದು ಅವರು ಗದ್ದುಗೆಯಿಂದ ಅರ್ಧ ಎದ್ದು ಕೇಳಿದರು.

"ಎಲ್ಲಾ ಹೇಳಿದೆ ಸಾವಕಾರ್ರ. ಸಂತೋಷದಿಂದ ಕೊಟ್ಟಾರ. ಆದ್ರ ಗುಪ್ತದಾನ ಇರ್ಲಿ ಅಂದಾರ. ಹೆಸರ ಬ್ಯಾಡ, ಅಣ್ಣನೂ ಈ ಮಾತು ನನ್ನ ಮುಂದ ಮತ್ತ ಎತ್ತಬಾರದು ಅಂದಾರ."

ಅವರು ಟೊಪ್ಪಿಗೆ ತೆಗೆದು ತೊಡೆಯ ಮೇಲಿಟ್ಟುಕೊಂಡರು. ಕಣ್ಣು ಒರೆಸಿಕೊಂಡರು. "ಹಂಗಾದ್ರ ಎತ್ತೂದಿಲ್ಲ," ಎಂದರು.

ಎತ್ತಲೂ ಇಲ್ಲ. ಕೊಟ್ಟದ್ದನ್ನು ಆಡಬಾರದು, ಗುಪ್ತವಾಗಿ ಕೊಟ್ಟವರೆದುರು ಅದರ ಹೆಸರೂ ಎತ್ತಬಾರದು ಎಂಬುದು ನಿಮ್ಮ ಮನೆತನದಲ್ಲಿ ಉಸಿರಾಟದಷ್ಟು ಸಹಜ. ಅದು ನನಗೆ ಗೊತ್ತಿತ್ತು. ನಿಮ್ಮ ಮನೆಯ ಆ ಒಳ್ಳೆಯ ಗುಣವನ್ನೇ ನನ್ನ ಸುಳ್ಳಿಗೆ ಬೀಗ ಮಾಡಿಕೊಂಡೆ. ಅಣ್ಣ ಬಾಯಿ ತೆಗೆಯುವುದಿಲ್ಲ, ತಂಗಿಯ ಮಾತಿಗೆ ಗೌರವ ಎಂದು. ತಂಗಿ ಬಾಯಿ ತೆಗೆಯುವುದಿಲ್ಲ, ಆಸೆಬುರುಕಿ ಎಂದಾನು ಎಂದು. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅನ್ನುತ್ತಾರೆ — ನಾನು ಎರಡೇ ಸುಳ್ಳಿನಲ್ಲಿ ಒಂದು ಕಾಲೇಜು ಕಟ್ಟಿದೆ ಎಂದು ಒಮ್ಮೊಮ್ಮೆ ನನಗೆ ನಾನೇ ಹೇಳಿಕೊಂಡು ನಕ್ಕದ್ದೂ ಇದೆ. ಹಾಗೆ ನಕ್ಕದ್ದನ್ನೂ ಇಲ್ಲಿ ಬರೆದಿಡುತ್ತೇನೆ.

ಅಡಿಗಲ್ಲಿನ ದಿನ ನೀವು ಬಂದಿದ್ದಿರಿ. ಹೊಲ ದಾನವಾಗಿದೆ ಎಂಬುದು ನಿಮಗೆ ತಿಳಿದದ್ದೇ ಆಮಂತ್ರಣ ಪತ್ರಿಕೆ ನೋಡಿ. ಕಲ್ಲಿನ ಮೇಲೆ ಅಣ್ಣನ ಹೆಸರು, ತಂದೆಯ ಹೆಸರು. ಇಬ್ಬರು ಮಕ್ಕಳ ಹೆಸರೂ ಕೆತ್ತಿಸಬೇಕೆಂದು ಸಾವಕಾರರು ಮೊದಲು ಹೇಳಿದ್ದರು, ನನ್ನ ಗುಪ್ತದಾನದ ಮಾತಿನಿಂದ ಸುಮ್ಮನಾದರು. ಭಾಷಣದಲ್ಲಿ ನಾನು ಅವರನ್ನು ಮಹಾದಾನಿ ಎಂದೆ. ಅವರು ನಿಮ್ಮ ಕಡೆ ನೋಡಿದರು. ನೀವು ಕೊನೆಯ ಸಾಲಿನಲ್ಲಿ ಸೆರಗು ಹೊದ್ದು ಕೂತವರು ನೆಲ ನೋಡುತ್ತಿದ್ದಿರಿ. ಎಂಥ ನಿಗರ್ವಿ ಎಂದು ಅವರು ತಿಳಿದರು. ಅಪ್ಪನ ಹೊಲ ಕೊಡುವಾಗ ನನಗೊಂದು ಮಾತೂ ಹೇಳಲಿಲ್ಲವಲ್ಲ ಎಂದು ನೀವು ಒಳಗೇ ನೊಂದಿರಿ. ಎರಡನ್ನೂ ಓದಬಲ್ಲವನು ಆ ಮಂಟಪದಲ್ಲಿ ನಾನೊಬ್ಬನೇ ಇದ್ದೆ. ಆಮೇಲೆ ನಾನು ಊಟದ ಪಂಕ್ತಿ ನೋಡಲು ಹೋದೆ.

ಅಂದಿನಿಂದ ಎರಡು ವರ್ಷ ನಾಗರ ಪಂಚಮಿಗೆ ತವರಿಗೆ ಬಂದಿರಿ. ಮೂರನೆಯ ವರ್ಷದಿಂದ ಬರಲಿಲ್ಲ. ಮೊಮ್ಮಗು ಸಣ್ಣದು, ಯಜಮಾನರಿಗೆ ಆರಾಮಿಲ್ಲ, ಕಾಲುನೋವು — ಪ್ರತಿ ವರ್ಷ ಒಂದು ಕಾರಣ ಬರುತ್ತಿತ್ತು. ಸಾವಕಾರರು ಉಂಡಿ, ಸೀರೆ ಕಟ್ಟಿಸಿ ಅಂಗಡಿಯ ಆಳಿನ ಕೈಯಲ್ಲಿ ಖಾನಾಪುರಕ್ಕೆ ಕಳಿಸುತ್ತಿದ್ದರು. "ಕೊಟ್ಟದ್ದಕ್ಕ ತಿರುಗಿ ತಗೊಂಡಂಗ ಆದೀತು ಅಂತ ಬರವಲ್ಲಳು," ಎಂದು ನನ್ನ ಮುಂದೆ ಒಮ್ಮೆ ಹೆಮ್ಮೆಯಿಂದಲೇ ಹೇಳಿದರು. ಅಣ್ಣ-ತಂಗಿಯರ ನಡುವೆ ಜಗಳವಾಗಿದ್ದರೆ ಯಾರಾದರೂ ಬಿಡಿಸುತ್ತಿದ್ದರು. ಇದು ಜಗಳವೇ ಅಲ್ಲದ್ದರಿಂದ ಯಾರ ಕಣ್ಣಿಗೂ ಬೀಳಲಿಲ್ಲ.

ಒಂದು ಬೇಸಿಗೆಯಲ್ಲಿ ನೀವು ಕಾಲೇಜಿಗೆ ಬಂದಿರಿ. ಟೆಂಪೋದಲ್ಲಿ ಹುಲ್ಲು ಹಾಸಿ ಎರಡು ದೊಡ್ಡ ರಂಜಣಗಿ ತಂದಿದ್ದಿರಿ, ಖಾನಾಪುರದ ಕುಂಬಾರರ ಕಡೆ ಹೇಳಿ ಮಾಡಿಸಿದ್ದು, ಕೆಂಪು ಮಣ್ಣಿನವು, ನಾಲ್ಕು ಕೊಡ ನೀರು ಹಿಡಿಯುವಂಥವು. ಇಳಿಸುವಾಗ ನೀವೇ ಮುಂದೆ ನಿಂತು ಕೈ ಕೊಟ್ಟಿರಿ. ವರಾಂಡದಲ್ಲಿ ಮರಳು ಹಾಕಿಸಿ ಕೂರಿಸಿದ ಮೇಲೆ ನನಗೆ ಹೇಳಿದಿರಿ:

"ಅಣ್ಣ ಹೊಲಾ ಕೊಟ್ಟ. ನಮ್ಮ ಕಡಿಂದ ಏನೂ ಆಗಲಿಲ್ಲ. ಮಕ್ಕಳು ತಣ್ಣಗ ನೀರ ಕುಡೀಲಿ ಅಂತ ಇಷ್ಟ ತಂದೇನ್ರಿ."

ನಾನು ಗುಮಾಸ್ತನನ್ನು ಕರೆದು ಪಾವತಿ ರಸೀದಿ ಬರೆಸಿದೆ. ದಾನಿಗಳ ಹೆಸರು, ಊರು, ವಸ್ತು: ಮಣ್ಣಿನ ರಂಜಣಗಿ ಎರಡು. ಕಾರ್ಯದರ್ಶಿಯ ಸಹಿ ನನ್ನದು. ಒಂದು ಎಕರೆ ಕೊಟ್ಟವರಿಗೆ ಎರಡು ರಂಜಣಗಿಗೆ ಪಾವತಿ ಕೊಟ್ಟು, ಶಾಲು ಹೊದಿಸಿ, ಫೋಟೊ ತೆಗೆಸಿ ಕಳಿಸಿದೆ. ನೀವು ಆ ಪಾವತಿಯನ್ನು ಎರಡು ಕೈಯಿಂದ ತೆಗೆದುಕೊಂಡಿರಿ. ಅಂದು ಹೇಳಿದ್ದರೆ, ಕೇಳಲು ನಿಮ್ಮ ಅಣ್ಣ ಇನ್ನೂ ಇದ್ದರು. ಅವರ ಅಂಗಡಿ ಅಲ್ಲಿಂದ ಅರ್ಧ ತಾಸಿನ ದಾರಿ. ಹೇಳಲಿಲ್ಲ.

ನನ್ನನ್ನು ನಾನು ಬಹಳ ಸಲ ಕೇಳಿಕೊಂಡಿದ್ದೇನೆ — ನೀವು ಇಲ್ಲ ಎಂದೀರಿ ಎಂಬ ಹೆದರಿಕೆಯೊಂದೇ ಕಾರಣವೇ ಎಂದು. ಅಲ್ಲ. ಚನ್ನಬಸಪ್ಪನವರಿಗೆ ತಂಗಿಯ ಬದಲು ತಮ್ಮ ಇದ್ದಿದ್ದರೆ? ಅವನ ಮನೆಗೆ ಮೂರು ಸಲ ಹೋಗುತ್ತಿದ್ದೆ, ಶಾಲು ಹಣ್ಣು ಹಿಡಿದು. ನಕ್ಷೆ ಬಿಡಿಸಿ ತೋರಿಸುತ್ತಿದ್ದೆ, ಅವನ ಹೆಸರಿನಲ್ಲಿ ಗ್ರಂಥಾಲಯ ಮಾಡೋಣ ಎನ್ನುತ್ತಿದ್ದೆ, ಇಲ್ಲ ಎಂದರೆ ನಾಲ್ಕನೆಯ ಸಲವೂ ಹೋಗುತ್ತಿದ್ದೆ. ನಿಮ್ಮ ಹತ್ತಿರ ಹಾಗೆ ಬೇಡಲು ಬರಬೇಕೆಂದು ನನಗೆ ಹೊಳೆಯಲೇ ಇಲ್ಲ. ಊರಿನ ಪ್ರತಿಯೊಬ್ಬ ವ್ಯಾಪಾರಿಯ ಬಾಗಿಲು ತಟ್ಟಿದವನು, ನಿಮ್ಮ ಮನೆಯಲ್ಲಿ ಮಾತ್ರ ಸಹಿ ಕೇಳಿದೆ. ಹೆಣ್ಣುಮಗಳಿಂದ ಸಹಿ ತೆಗೆದುಕೊಳ್ಳುತ್ತಾರೆ, ದಾನ ಕೇಳುವುದಿಲ್ಲ — ಈ ಮಾತು ನನಗೆ ಯಾರೂ ಕಲಿಸಿರಲಿಲ್ಲ, ಆದರೂ ಅದನ್ನು ಕಲಿತಿದ್ದೆ. ಅತ್ತೆಯ ಒಡವೆ ಅಳಿಯ ದಾನ ಮಾಡಿದ ಎಂದು ಊರವರನ್ನು ಆಡಿಕೊಂಡು ನಗುತ್ತಿದ್ದವನು ನಾನು.

ಹೋದ ವರ್ಷ ಸಾವಕಾರರು ಆಸ್ಪತ್ರೆಯಲ್ಲಿದ್ದಾಗ ಮಧ್ಯಾಹ್ನ ಹೋಗಿ ಕೂರುತ್ತಿದ್ದೆ. ಒಂದು ದಿನ ಕೈ ಹಿಡಿದು ಹೇಳಿದರು: "ನನ್ನ ತಂಗಿ ದೊಡ್ಡಾಕಿರಿ, ವಕೀಲ್ರ. ಅಷ್ಟ ಕೊಟ್ಟು ಒಂದ ದಿನ ಆಡಿ ತೋರಸಲಿಲ್ಲ. ನಾನೂ ಆಕೀ ಮುಂದ ಎತ್ತಲಿಲ್ಲ. ಒಮ್ಮೆ ಹೇಳಬೇಕು ಅನ್ನಿಸತೈತಿ."

ಹೇಳಿ ಸಾವಕಾರ್ರ, ಕರೆಸುತ್ತೇನೆ — ಎನ್ನಬೇಕಿತ್ತು. "ವಚನ ಕೊಟ್ಟೀರಲ್ರಿ," ಎಂದೆ. ಅವರು ಹೌದೆಂದು ಕಣ್ಣು ಮುಚ್ಚಿದರು. ನಾಲ್ಕು ದಿನಕ್ಕೆ ಹೋದರು. ಇದು ಮೂರನೆಯದು, ಗೌರಕ್ಕ. ಇದಕ್ಕೆ ಏನು ಹೆಸರು ಇಡಬೇಕೋ ನನಗೆ ತಿಳಿದಿಲ್ಲ.

ಅವರ ಶಿವಗಣಾರಾಧನೆಯ ದಿನ ಊ‌ಟವಾದ ಮೇಲೆ ನೀವು ಪಡಸಾಲೆಯ ಕಂಬಕ್ಕೆ ಒರಗಿ ಕೂತಿದ್ದಿರಿ. ನಾನು ಹೊರಡುತ್ತೇನೆ ಎಂದು ಹೇಳಲು ಬಂದೆ. ನೀವು ಅವರ ಫೋಟೊ ಕಡೆ ನೋಡುತ್ತಲೇ ಹೇಳಿದಿರಿ: "ಬೆರಕೀ, ಮೋಸಗಾರ ಇರಲಿಲ್ಲರಿ ನಮ್ಮಣ್ಣ. ಆದ್ರ ಹೊಲಾ ಕೊಡೂ ಮುಂದ ನಂಗೊಂದ ಮಾತ ಹೇಳಬೇಕಿತ್ತು. ಕೇಳಿದ್ರ ನಾನೂ ಹೂಂ ಅಂತಿದ್ನಿ. ನಾ ಏನ್ ಬ್ಯಾಡ ಅಂತಿದ್ನೇನ್ರಿ?"

ಕಳ್ಳನ ಮನಸ್ಸು ಹುಳ್ಳಗೆ. ನಾನು ಚಪ್ಪಲಿ ಹುಡುಕುವವನ ಹಾಗೆ ಬಗ್ಗಿದೆ. ಕೇಳಿದ್ದರೆ ನೀವು ಕೊಡುತ್ತಿದ್ದಿರಿ. ಎರಡೇ ಮಾತಿನ ಕೆಲಸ. ಅದನ್ನು ತಪ್ಪಿಸಲು ನಾನು ಒಂದು ಎಕರೆ ಕದ್ದೆ, ಅದಕ್ಕಿಂತ ಹೆಚ್ಚಾಗಿ, ನಾನೂ ಕೊಟ್ಟೆ ಎಂಬ ನಿಮ್ಮ ಸಂತೋಷ ಕದ್ದೆ, ಹನ್ನೊಂದು ಪಂಚಮಿ ಕದ್ದೆ. ಆದರೂ ಮನೆಗೆ ಹೋಗಿ ಸುಮ್ಮನಾದೆ.

ಈ ವರ್ಷ ಸುಮ್ಮನಿರಲು ಆಗಲಿಲ್ಲ. ನಾನು ಕಾರ್ಯದರ್ಶಿಯಾಗಿದ್ದುಕೊಂಡೇ ಪಾಠವನ್ನೂ ಮಾಡುತ್ತಿದ್ದೆ, ಆದರೆ ಹಿಂದೂ ಉತ್ತರಾಧಿಕಾರದ ಪಾಠವನ್ನು ಆ ಕಟ್ಟಡಕ್ಕೆ ಬಂದಾಗಿನಿಂದ ಮುಟ್ಟಿರಲಿಲ್ಲ. ಅದನ್ನು ಮಾಡುವವಳು ಸವಿತಾ, ನಮ್ಮಲ್ಲೇ ಓದಿದ ಹುಡುಗಿ, ಈಗ ವಕೀಲೆ. ಅಪ್ಪ ಉದ್ಯಮಬಾಗದ ಫೌಂಡ್ರಿಯಲ್ಲಿದ್ದರು, ಮನೆ ಖಾನಾಪುರ. ಅವಳು ಹೆರಿಗೆ ರಜೆಯ ಮೇಲೆ ಹೋದದ್ದರಿಂದ ನಾನೇ ತರಗತಿಗೆ ಹೋಗಬೇಕಾಯಿತು. ಮಗಳಿಗೂ ಹುಟ್ಟಿನಿಂದಲೇ ಮಗನಷ್ಟೇ ಹಕ್ಕು ಎಂದು ಹಲಗೆಯ ಮೇಲೆ ಬರೆದೆ. ಮುಂದಿನ ಬೆಂಚಿನ ಒಬ್ಬ ಹುಡುಗಿ ಎದ್ದಳು.

"ಸರ್, ಆಕೀಗ ಗೊತ್ತಿಲ್ಲದ ಸಹಿ ಮಾಡಿಸಿಕೊಂಡಿದ್ರ?"

"ಮೋಸ ಗೊತ್ತಾದ ದಿನದಿಂದ ಮೂರು ವರ್ಷದೊಳಗೆ ಪತ್ರ ರದ್ದು ಮಾಡು ಎಂದು ಕೋರ್ಟಿಗೆ ಹೋಗಬಹುದು," ಎಂದೆ. ಪುಸ್ತಕದ ಉತ್ತರ.

"ಆದ್ರ ಆಕೀಗ ಯಾರ ಹೇಳಬೇಕ್ರಿ ಸರ್, ಮೋಸ ಆಗೇತಿ ಅಂತ?"

ನಾನು ಹಲಗೆಯನ್ನು ಅರ್ಧ ಒರೆಸಿ, ಇವತ್ತಿಗೆ ಇಷ್ಟು ಸಾಕು ಎಂದು ಹೊರಗೆ ಬಂದೆ.

ಮರುದಿನ ಖಾನಾಪುರಕ್ಕೆ ಹೋದೆ, ನಿಮ್ಮ ಮನೆಗಲ್ಲ, ಸವಿತಾಳ ತವರಿಗೆ. ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಅವಳು ಎಲ್ಲ ಕೇಳಿದಳು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಸರ್, ನೀವು ಹೋಗಿ ಹೇಳಿದ್ರ ಅವರು ಅಳತಾರ, ಆಮ್ಯಾಲ ಇರ್ಲಿ ಬಿಡ್ರಿ ಅಂತಾರ. ನಿಮಗೂ ಅದ ಬೇಕಾಗೇತಿ," ಎಂದಳು. "ಬರದ ಕೊಡ್ರಿ. ನಾ ಓದತೀನಿ. ಆದ್ರ ನಿಮ್ಮ ಕಡಿಯಾಕಿ ಆಗಿ ಅಲ್ಲ, ಅವರ ವಕೀಲಕಿ ಆಗಿ."

ನಾನು ಕಲಿಸಿದವಳು. ಒಪ್ಪಿಕೊಂಡು ಬಂದೆ.

ಆಡಳಿತ ಮಂಡಳಿಯ ಅಧ್ಯಕ್ಷರಿಗೂ ಹೇಳಿದ್ದೇನೆ. ಅವರು ಬಾಗಿಲು ಮುಚ್ಚಿಸಿ, ವಯಸ್ಸಾದವರನ್ನು ಯಾಕೆ ಈಗ ಕಲಕುತ್ತೀರಿ, ಕಾಲೇಜಿನ ಬುಡಕ್ಕೇ ಕೊಡಲಿ ಹಾಕಬೇಡಿ ಎಂದರು. ಬೆಳಗಿನ ಪಾಠ ಮುಗಿಸಿ ಎರಡನೇ ಪಾಳಿಗೆ ಓಡುವ ಹುಡುಗರ ಮಾತು ತೆಗೆದರು. ಆ ಹುಡುಗರ ಮುಖಗಳು ನನಗೂ ಗೊತ್ತು. ಆದರೆ ಅವರ ಭಾರ ನಿಮ್ಮದಲ್ಲ, ಗೌರಕ್ಕ. ಮಕ್ಕಳ ಹೆಸರು ಹೇಳಿ ನಿಮ್ಮ ಹತ್ತಿರ ಯಾರಾದರೂ ಬಂದರೆ, ಅದು ನನ್ನ ಕಾರಿನಲ್ಲಿ ಆದ ಮಾತಿನ ಇನ್ನೊಂದು ತುಂಡು ಎಂದೇ ತಿಳಿಯಿರಿ. ಕಾರ್ಯದರ್ಶಿ ಕೆಲಸ ಬಿಟ್ಟಿದ್ದೇನೆ. ನಿಮ್ಮ ಅಣ್ಣ ನನಗೆ ಹೇಳಿ ಕಳಿಸಿದ್ದ ಮಾತನ್ನು ಹದಿನಾಲ್ಕು ವರ್ಷ ತಡವಾಗಿ ಮುಟ್ಟಿಸುತ್ತಿದ್ದೇನೆ. ನೀವು ಹೂಂ ಅನ್ನಬಹುದು. ಇಲ್ಲ ಅನ್ನಬಹುದು. ಯೋಚನೆ ಮಾಡುತ್ತೇನೆ ಎಂದು ವರ್ಷವಿಡೀ ಸುಮ್ಮನಿರಬಹುದು. ಕೋರ್ಟಿಗೆ ಹೋದರೆ ಸಾಕ್ಷಿ ಕಟ್ಟೆಗೆ ಬಂದು ಇದನ್ನೇ ಹೇಳುತ್ತೇನೆ. ಕ್ಷಮೆ ಕೇಳುತ್ತಿಲ್ಲ. ಕೇಳಿದರೆ ನೀವು ಕೊಟ್ಟುಬಿಡುತ್ತೀರಿ, ಹಾಗೆ ಪಡೆಯುವ ಅಧಿಕಾರ ನನಗಿಲ್ಲ.

ಇದರ ಜೊತೆ ಹಕ್ಕಸೋಡ ಪತ್ರದ ನಕಲು ಇಟ್ಟಿದ್ದೇನೆ, ಈ ಕಾಗದದ ಮರಾಠಿ ಪ್ರತಿಯನ್ನೂ. ಪ್ರತಿ ಪುಟದ ಕೆಳಗೆ ನನ್ನ ಸಹಿ ಇದೆ. ಸವಿತಾ ಓದಿ ಮುಗಿಸಿದ ಮೇಲೆ ಕೊನೆಯ ಪುಟದಲ್ಲಿ ಅಂದಿನ ತಾರೀಖು ಬರೆಸಿರಿ. ಆ ದಿನದಿಂದ ಮೂರು ವರ್ಷ ನಿಮ್ಮ ಕೈಯಲ್ಲಿ ಇರುತ್ತದೆ. ಕಾಗದವನ್ನು ಟ್ರಂಕಿನಲ್ಲಿಟ್ಟು ಬೀಗ ಹಾಕಿ. ಕಾಲೇಜಿನವರು ಬರಬಹುದು, ನಾಲ್ಕು ಜನ ಹಿರಿಯರನ್ನು ಕರೆದುಕೊಂಡು, ಶಾಲು ಹಣ್ಣು ಹಿಡಿದು. ನಾನೂ ಮನುಷ್ಯ — ನಾಳೆ ಹೆದರಿ, ಅವರ ಹಿಂದೆ ನಾನೂ ಬಂದರೂ ಬಂದೇನು. ಈ ಕಾಗದವನ್ನು ಯಾರು ಕೇಳಿದರೂ ಕೊಡಬೇಡಿ. ನಾನೇ ನಿಮ್ಮ ಬಾಗಿಲಲ್ಲಿ ನಿಂತು ಕೇಳಿದರೂ ಕೊಡಬೇಡಿ.